ಬುಕ್ಕೆರೊ: ಒಳಗೂ ಹೊರಗೂ ಕಪ್ಪಾದ ಎಟ್ರುಸ್ಕನ್ ವೈನ್ ಪಾತ್ರೆಗಳು. ಯಾವುದು ಯಾತಕ್ಕೆ, ಕಪ್ಪು ಬಂದದ್ದು ಹೇಗೆ?

ಹಳೇಬಟ್ಟಲು

ಎಟ್ರುಸ್ಕನ್ (ರೋಮನ್ನರಿಗಿಂತ ಮುಂಚೆ ಮಧ್ಯ ಇಟಲಿಯಲ್ಲಿದ್ದ ಜನ) ವಿಭಾಗ ಇರುವ ಯಾವ ಮ್ಯೂಸಿಯಂಗೆ ಹೋದರೂ ಒಂದು ಗಾಜಿನ ಕಪಾಟಿನ ತುಂಬ ಕರಿ ಪಾತ್ರೆಗಳು ಇರುತ್ತವೆ. ಚೀಟಿಯಲ್ಲಿ 'ಬುಕ್ಕೆರೊ, ಕ್ರಿ.ಪೂ. 6ನೇ ಶತಮಾನ' ಅಂತಷ್ಟೇ. ಪಕ್ಕದಲ್ಲಿರುವ ಚಿತ್ರ ಬರೆದ ಗ್ರೀಕ್ ಹೂಜಿಗಳ ಮುಂದೆ ಇವು ಸಪ್ಪೆ ಕಾಣುತ್ತವೆ, ಜನ ನಿಲ್ಲುವುದಿಲ್ಲ. ಆದರೆ ವೈನ್ ಬಡಿಸುವ ಹೆಚ್ಚುಕಮ್ಮಿ ಇಡೀ ಸೆಟ್ ಒಂದೇ ಬಗೆಯ ಮಣ್ಣಿನಲ್ಲಿ ನೋಡಬೇಕೆಂದರೆ ಇಲ್ಲೇ ನೋಡಬೇಕು. ಅದಕ್ಕೇ ಈ ಚರ್ಚೆ.

ಕಾಲ ಮತ್ತು ಜಾಗ: ರೋಮನ್ನರು ಕೈರೆ ಅಂದ ಊರು, ಈಗಿನ ಚೆರ್ವೆತೆರಿ. ಅಲ್ಲಿ ಸುಮಾರು ಕ್ರಿ.ಪೂ. 675ರ ಹೊತ್ತಿಗೆ ಶುರು. ಮೊದಲ ಐವತ್ತು ವರ್ಷದ ಮಾಲು ತೆಳ್ಳಗೆ, ಕೆಲವು ಬಟ್ಟಲುಗಳ ಗೋಡೆ ಬರೀ 2 ಮಿ.ಮೀ. ಇದನ್ನು 'ಸೊತ್ತಿಲೆ' ಅಂತಾರೆ, ಅಂದರೆ ತೆಳುವು. ಆಮೇಲೆ ದಪ್ಪವಾಗುತ್ತಾ ಹೋಗಿ ಕ್ರಿ.ಪೂ. 575ರ ನಂತರ 'ಪೆಸಾಂತೆ', ಅಂದರೆ ಭಾರದ ಬುಕ್ಕೆರೊ ಬಂತು. ಕಿಯೂಸಿ, ಒರ್ವಿಯೆತೊ ಕಡೆ ಅದರ ಜೋರು. ಅಚ್ಚೊತ್ತಿದ ಉಬ್ಬು ಚಿತ್ರ, ಮುಚ್ಚಳದ ಮೇಲೆ ಕೋಳಿ, ಹಿಡಿಯ ಮೇಲೆ ಹೆಣ್ಣಿನ ಮುಖ, ಒಟ್ಟಿನಲ್ಲಿ ಮದುವೆ ಮನೆ ಅಲಂಕಾರ. ನನ್ನ ಓಟು ತೆಳುವಿಗೇ. ಕ್ರಿ.ಪೂ. 5ನೇ ಶತಮಾನದ ಆರಂಭದಲ್ಲಿ ಈ ಕಸುಬು ಹೆಚ್ಚುಕಮ್ಮಿ ನಿಂತಿತು.

ಅಂದಹಾಗೆ 'ಬುಕ್ಕೆರೊ' ಎಟ್ರುಸ್ಕನ್ ಪದವೇ ಅಲ್ಲ. ದಕ್ಷಿಣ ಅಮೆರಿಕದಿಂದ ಬರುತ್ತಿದ್ದ ಪರಿಮಳದ ಮಣ್ಣಿನ ಪಾತ್ರೆಗೆ ಸ್ಪೇನಿನವರು 'ಬೂಕರೊ' ಅನ್ನುತ್ತಿದ್ದರು. ಆ ಹೆಸರು ಇಟಲಿಗೆ ಬಂದು ಗೋರಿಗಳಲ್ಲಿ ಸಿಕ್ಕ ಕರಿ ಮಡಕೆಗೆ ಅಂಟಿಕೊಂಡಿತು.

ಇನ್ನು ವೈನ್ ಸಾಗುವ ದಾರಿಯಲ್ಲೇ ಪಾತ್ರೆಗಳನ್ನು ನೋಡೋಣ.

ಆಂಫೊರಾ: ಸಾಗಣೆಯ ದೊಡ್ಡ ಜಾಡಿ. ಇದು ಒರಟು ಮಣ್ಣಿನದು, ಬುಕ್ಕೆರೊ ಅಲ್ಲ. ಊಟದ ಮನೆಗೆ ಬರುವ ಚಿಕ್ಕ ಆಂಫೊರಾ ಮಾತ್ರ ಬುಕ್ಕೆರೊದಲ್ಲಿ ಸಿಗುತ್ತದೆ.

ಸೋಸುಗ ಮತ್ತು ಆಲಿಕೆ: ಬಹುಪಾಲು ಕಂಚಿನವು. ಎಟ್ರುಸ್ಕನ್ನರದೇ ಒಂದು ಜಾಣ ಸಾಧನ ಇದೆ: ಉದ್ದ ಹಿಡಿ, ಕೆಳಗೆ ಆಲಿಕೆ, ಮೇಲೆ ಕೀಲಿನ ಮೇಲೆ ಮಗುಚುವ ಜರಡಿ. ಆಗಿನ ವೈನ್‌ನಲ್ಲಿ ಗಸಿ, ಸಿಪ್ಪೆ, ಗಿಡಮೂಲಿಕೆ ಎಲ್ಲಾ ಇರುತ್ತಿತ್ತು. ಸೋಸದೆ ಕುಡಿದರೆ ಹಲ್ಲಿಗೆ ಸಿಗುವುದೇ ಜಾಸ್ತಿ.

ವೈನ್ ಮತ್ತು ನೀರು ಬೆರೆಸುವ ಪಾತ್ರೆ: ಹಳೆಯ ಕ್ರಮದಲ್ಲಿ ದುಂಡು ತಳದ ಗಡಿಗೆ, ಅದಕ್ಕೊಂದು ಎತ್ತರದ ಆನಿಕೆ. ಆಮೇಲೆ ಗ್ರೀಕ್ ಮಾದರಿಯ ಕ್ರೇಟರ್. ತಾರ್ಕ್ವಿನಿಯಾದ 'ಸಿಂಹಿಣಿಯರ ಗೋರಿ'ಯಲ್ಲಿ (ಸುಮಾರು ಕ್ರಿ.ಪೂ. 520) ಹಿಂದಿನ ಗೋಡೆಯ ನಟ್ಟನಡುವೆ ಬರೆದಿರುವುದು ದೇವರನ್ನಲ್ಲ, ರಾಜನನ್ನಲ್ಲ. ಐವಿ ಬಳ್ಳಿ ಸುತ್ತಿದ ಒಂದು ಭಾರೀ ಕ್ರೇಟರನ್ನು. ಅದರ ಎರಡೂ ಬದಿಗೆ ವಾದ್ಯದವರು.

ಕ್ಯಾಥೊಸ್: ಒಂದೇ ಹಿಡಿ, ಅದೂ ಬಟ್ಟಲಿಗಿಂತ ಎತ್ತರ. ಕ್ರೇಟರಿನಿಂದ ಮೊಗೆಯಲು.

ಓಯ್ನೊಖೊಏ: ಸುರಿಯುವ ಹೂಜಿ. ಬಾಯಿ ಮೂರೆಲೆಯ ಆಕಾರ. ಓಲ್ಪೆ ಅದರ ತಮ್ಮ, ಬಾಯಿ ಗುಂಡು.

ಕುಡಿಯುವ ಬಟ್ಟಲು: ಕ್ಯಾಂಥರೊಸ್ (ಎರಡು ಎತ್ತರದ ಪಟ್ಟಿ ಹಿಡಿ), ಕಾಲಿನ ಮೇಲೆ ನಿಂತ ಚಾಲಿಸ್, ಅಗಲ ಬಾಯಿಯ ಕೈಲಿಕ್ಸ್, ಆಳದ ಸ್ಕೈಫೊಸ್.

ಸೋಸುಗ

ಕ್ಯಾಥೊಸ್ ಮೊಗೆಯಲು ಮಾತ್ರ ಅನ್ನುವುದಕ್ಕೆ ನನ್ನ ತಕರಾರಿದೆ. ಬುಕ್ಕೆರೊ ಕ್ಯಾಥೊಸ್‌ಗಳಲ್ಲಿ ಕೆಲವು ಎಷ್ಟು ದೊಡ್ಡವು, ಹಿಡಿಯ ಮೇಲೆ ಎಷ್ಟು ಅಲಂಕಾರ ಅಂದರೆ, ದಿನಾ ವೈನ್‌ನಲ್ಲಿ ಅದ್ದಿದರೆ ಒಂದು ತಿಂಗಳಲ್ಲಿ ಹಿಡಿ ಕೈಗೆ ಬರುತ್ತದೆ. ಅವು ಕೊಡುಗೆಯ ಪಾತ್ರೆಗಳು, ಅಥವಾ ಕುಡಿಯುವ ಬಟ್ಟಲುಗಳೇ. ನಿಜವಾದ ಮೊಗೆಯುವ ಕೆಲಸಕ್ಕೆ ಕಂಚಿನ ಸೌಟು ಇತ್ತು.

ಅಳತೆಯ ವಿಷಯ: ಸಾಮಾನ್ಯ ಕ್ಯಾಂಥರೊಸ್ ಬಾಯಿ 13 ಸೆಂ.ಮೀ. ಅಗಲ, ಒಳಗಿನ ಆಳ 5.5 ಸೆಂ.ಮೀ. ಅಂತ ಇಟ್ಟುಕೊಳ್ಳಿ. ನೆಟ್ಟಗಿನ ಡಬ್ಬಿಯಾಗಿದ್ದರೆ 730 ಮಿ.ಲೀ. ಹಿಡಿಯುತ್ತಿತ್ತು. ಗೋಡೆ ಓರೆ, ತಳ ಕಿರಿದು, ಹಾಗಾಗಿ ಅಂಚಿನವರೆಗೆ ತುಂಬಿದರೆ ಸುಮಾರು ಅರ್ಧ ಲೀಟರ್. ಬೆರೆಸದ ವೈನ್ ಅರ್ಧ ಲೀಟರ್ ಒಂದೇ ಸಲಕ್ಕೆ ಜಾಸ್ತಿಯಾಯಿತು. ಗ್ರೀಕರಲ್ಲಿ ಮೂರು ಪಾಲು ನೀರಿಗೆ ಒಂದು ಪಾಲು ವೈನ್ ಅನ್ನುವ ಅಳತೆ ಹಳೇ ಕಾವ್ಯದಲ್ಲೇ ಬರುತ್ತದೆ. ಆ ಲೆಕ್ಕ ಹಿಡಿದರೆ ಬಟ್ಟಲಲ್ಲಿ ವೈನ್ 125 ಮಿ.ಲೀ. ಎಟ್ರುಸ್ಕನ್ನರೂ ಅದೇ ಪಾಲು ಬೆರೆಸಿದರು ಅಂತ ನಾನು ಹೇಳುತ್ತಿಲ್ಲ. ಬಟ್ಟಲಿನ ಗಾತ್ರಕ್ಕೂ ಬೆರೆಸುವ ಪದ್ಧತಿಗೂ ಸಂಬಂಧ ಇದೆ ಅಂತಷ್ಟೇ.

ಊರಾಚೆ_ಕುಂಬಾರ

ಕಪ್ಪು ಬಣ್ಣ ಮಣ್ಣಿಗೆ ಇದ್ದಿಲ ಪುಡಿ ಬೆರೆಸಿ ಬಂದದ್ದು ಅಂತ ಒಂದು ಕಡೆ ಓದಿದೆ. ಸರಿಯಾ?

ತಿಗರಿ

ಹಳೇ ವಾದ ಅದು. ಮಣ್ಣಿಗೆ ಇದ್ದಿಲು ಬೆರೆಸುವ ಅಗತ್ಯವೇ ಇಲ್ಲ. ಕೆಲಸ ಮಾಡುವುದು ಆವಿಗೆಯೊಳಗಿನ (ಮಡಕೆ ಸುಡುವ ಗೂಡಿನೊಳಗಿನ) ಗಾಳಿ.

ಕಬ್ಬಿಣದ ಅಂಶ ಇರುವ ಜೇಡಿಮಣ್ಣು ಚೆನ್ನಾಗಿ ಗಾಳಿಯಾಡುವ ಬೆಂಕಿಯಲ್ಲಿ ಬೆಂದರೆ ಕೆಂಪು. ಅದು ಫೆರಿಕ್ ಆಕ್ಸೈಡ್. ಆವಿಗೆಯ ಬಾಯಿ ಮುಚ್ಚಿ, ಹಸಿ ಸೌದೆ ಹಾಕಿ ಉಸಿರು ಕಟ್ಟಿಸಿದರೆ ಬೆಂಕಿಗೆ ಆಕ್ಸಿಜನ್ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ಮಣ್ಣಿನೊಳಗಿನ ಆಕ್ಸೈಡಿನಿಂದಲೇ ಆಕ್ಸಿಜನ್ ಕಿತ್ತುಕೊಳ್ಳುತ್ತದೆ. ಉಳಿಯುವುದು ಫೆರಸ್ ಆಕ್ಸೈಡ್ ಮತ್ತು ಮ್ಯಾಗ್ನೆಟೈಟ್, ಎರಡೂ ಕಪ್ಪು. ಜೊತೆಗೆ ಹೊಗೆಯ ನುಣ್ಣನೆಯ ಇಂಗಾಲ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಕೂರುತ್ತದೆ. ಕಬ್ಬಿಣವೂ ಉಂಟು, ಮಸಿಯೂ ಉಂಟು. ಪಾಲು ಎಷ್ಟೆಷ್ಟು ಅನ್ನುವುದು ಕಾರ್ಯಾಗಾರಕ್ಕೊಂದು ರೀತಿ.

ಅಥೆನ್ಸಿನ ಚಿತ್ರದ ಮಡಕೆಗಳ ಕಪ್ಪಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ಗೊತ್ತಾಗುತ್ತದೆ. ಅಥೆನ್ಸಿನವರು ಮೂರು ಹಂತ ಮಾಡುತ್ತಿದ್ದರು: ಗಾಳಿ ಬಿಟ್ಟು ಕೆಂಪು, ಗಾಳಿ ಕಟ್ಟಿ ಕಪ್ಪು, ಮತ್ತೆ ಗಾಳಿ ಬಿಟ್ಟು ಕೆಂಪು. ನುಣ್ಣನೆಯ ಮಣ್ಣಿನ ಲೇಪ ಹಚ್ಚಿದ ಕಡೆ ಎರಡನೇ ಹಂತದಲ್ಲೇ ಗಾಜಿನಂತೆ ಮುಚ್ಚಿಹೋಗಿರುತ್ತದೆ, ಮೂರನೇ ಹಂತದ ಗಾಳಿ ಒಳಗೆ ಹೋಗುವುದಿಲ್ಲ. ಅಲ್ಲಿ ಕಪ್ಪು ಉಳಿಯಿತು, ಮಿಕ್ಕ ಮೈ ಕೆಂಪಾಯಿತು. ಹಾಗಾಗಿ ಅಥೆನ್ಸಿನ ಕಪ್ಪು ಚರ್ಮದಷ್ಟು ಆಳ. ಬುಕ್ಕೆರೊದವನು ಎರಡನೇ ಹಂತದಲ್ಲೇ ನಿಲ್ಲಿಸಿ ಬಾಯಿ ಮುಚ್ಚಿದ. ಒಡೆದ ಚೂರಿನ ಅಂಚು ನೋಡಿ, ಒಳಗೂ ಕಪ್ಪೇ.

ಹೊಳಪು ಲೇಪದಿಂದಲ್ಲ, ಉಜ್ಜುವುದರಿಂದ. ಮಣ್ಣಿನ ಕಣಗಳು ಚಪ್ಪಟೆ ಬಿಲ್ಲೆಗಳು. ಅರೆ ಒಣಗಿದಾಗ ನುಣುಪು ಕಲ್ಲಿನಿಂದ ಒತ್ತಿ ಉಜ್ಜಿದರೆ ಎಲ್ಲಾ ಒಂದೇ ಕಡೆ ಮಲಗುತ್ತವೆ, ಬೆಳಕು ಒಟ್ಟಿಗೆ ವಾಪಸ್ ಬರುತ್ತದೆ.

ಆವಿಗೆ_ಬಾಯಿ

ತಿಗರಿ ಹೇಳಿದ್ದರ ಮುಂದಕ್ಕೆ, ಇವತ್ತು ಒಂದು ಕ್ಯಾಂಥರೊಸ್ ಮಾಡಬೇಕೆಂದರೆ ಹೇಗೆ ಅಂತ ಬರೀತೀನಿ. ವಿದ್ಯುತ್ ಕುಲುಮೆಯಲ್ಲಿ ನೇರ ಹೊಗೆ ಹಾಕಿದರೆ ಸುರುಳಿಗಳು ಬೇಗ ಹಾಳಾಗುತ್ತವೆ. ಆದ್ದರಿಂದ ಮುಚ್ಚಳದ ಪೆಟ್ಟಿಗೆಯೊಳಗೆ ಸುಡುವ ವಿಧಾನ.

ಮಣ್ಣು: ಕೆಂಪಗೆ ಬೇಯುವ ಜೇಡಿ. ನೀರಲ್ಲಿ ಕದಡಿ, ದಪ್ಪ ಕಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಗೆಸರನ್ನು ಬಸಿದುಕೊಳ್ಳಿ. ಎರಡು ಸಲ ಮಾಡಿದರೆ ಒಳ್ಳೆಯದು. ಒಂದು ಮರಳ ಕಣ ಉಳಿದರೂ ಉಜ್ಜುವಾಗ ಎದ್ದು ಬಂದು ಉದ್ದಕ್ಕೆ ಗೀರು ಹಾಕುತ್ತದೆ. ಸುಣ್ಣದ ಕಲ್ಲಿನ ಕಣ ಇನ್ನೂ ಕೆಟ್ಟದ್ದು. ಬೆಂಕಿಯಲ್ಲಿ ಸುಟ್ಟ ಸುಣ್ಣ ಆಗಿ, ಆಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಆವಿಗೆಯಿಂದ ತೆಗೆದ ನಾಲ್ಕೈದು ದಿನಕ್ಕೆ ಪಾತ್ರೆಯ ಮೈಯಿಂದ ಬಿಲ್ಲೆ ಸಿಡಿಯುತ್ತದೆ.

ಅಳತೆ: ಹಸಿಯಿಂದ ಸುಟ್ಟ ಸ್ಥಿತಿಗೆ 10% ಕುಗ್ಗುತ್ತದೆ ಅಂತಿಟ್ಟುಕೊಂಡರೆ, 13 ಸೆಂ.ಮೀ. ಬಾಯಿ ಬೇಕಿದ್ದರೆ ತಿಗರಿಯ ಮೇಲೆ 14.5 ಸೆಂ.ಮೀ. ಎತ್ತಬೇಕು. ಜನ ಮರೆಯುವುದು ಹಿಡಿತದ ಲೆಕ್ಕ. ಉದ್ದ 10% ಹೋದರೆ ಹಿಡಿತ 27% ಹೋಗುತ್ತದೆ. ಹಸಿಯಲ್ಲಿ 700 ಮಿ.ಲೀ. ಹಿಡಿದದ್ದು ಸುಟ್ಟ ಮೇಲೆ 510.

ಹಿಡಿ: ಎರಡು ಪಟ್ಟಿ, 3 ಸೆಂ.ಮೀ. ಅಗಲ, 4 ಮಿ.ಮೀ. ದಪ್ಪ. ಒಂದು ತುದಿ ಅಂಚಿಗೆ, ಇನ್ನೊಂದು ಬಟ್ಟಲಿನ ಮೈ ಮಡಿಯುವ ಏಣಿಗೆ, ಅಂದರೆ ಉಬ್ಬು ಗೆರೆಗೆ. ನೂರಕ್ಕೆ ತೊಂಬತ್ತು ಸಲ ಬಿರುಕು ಬಿಡುವುದು ಮೇಲಿನ ಕೂಡಲಲ್ಲಿ. ತೆಳು ಪಟ್ಟಿ ಎರಡೂ ಕಡೆಯಿಂದ ಒಣಗಿ ಮೊದಲು ಕುಗ್ಗುತ್ತದೆ, ಬಟ್ಟಲು ಇನ್ನೂ ಹಸಿ, ಎಳೆದಾಟದಲ್ಲಿ ಕೂಡಲು ಸೀಳುತ್ತದೆ. ಎರಡನ್ನೂ ಒಂದೇ ಹದಕ್ಕೆ ತಂದು ಅಂಟಿಸಿ. ಆಮೇಲೆ ಹಿಡಿಗೆ ಮಾತ್ರ ಒದ್ದೆ ಬಟ್ಟೆ ಸುತ್ತಿ, ಎರಡು ದಿನ ನೆರಳಲ್ಲಿ ಬಿಡಿ.

ಉಜ್ಜುವುದು: ಬೆರಳೊತ್ತಿದರೆ ಗುರುತು ಬೀಳಬಾರದು, ಉಗುರು ಗೀರಿದರೆ ಬೀಳಬೇಕು. ಆ ಹದ. ಅದಕ್ಕಿಂತ ಹಸಿ ಇದ್ದರೆ ಕಲ್ಲು ಮಣ್ಣನ್ನು ತಳ್ಳಿಕೊಂಡು ಹೋಗುತ್ತದೆ, ಒಣಗಿದ ಮೇಲೆ ಮೆರುಗು ಮಂಕಾಗುತ್ತದೆ. ಪೂರ್ತಿ ಒಣಗಿದ್ದರೆ ಪುಡಿ ಏಳುತ್ತದೆ. ಗೀಟುಗಳನ್ನೂ ಚುಕ್ಕಿಗಳ ಬೀಸಣಿಗೆ ಚಿತ್ತಾರವನ್ನೂ ಉಜ್ಜಿದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಕಲ್ಲು ಅದನ್ನು ಮುಚ್ಚುತ್ತದೆ.

ಸುಡುವುದು: ಪೆಟ್ಟಿಗೆಯ ತಳಕ್ಕೆ 3–4 ಸೆಂ.ಮೀ. ಮರದ ಹೊಟ್ಟು, ಮೇಲೆ ಪಾತ್ರೆ, ಒಳಗೂ ಸುತ್ತಲೂ ಸಡಿಲವಾಗಿ ಹೊಟ್ಟು. ಮುಚ್ಚಳದ ಸಂದಿಗೆ ಮರಳು ಬೆರೆಸಿದ ಜೇಡಿ ಮೆತ್ತಿ. ಗಂಟೆಗೆ 50 ಡಿಗ್ರಿಯಂತೆ 120ಕ್ಕೆ ಏರಿಸಿ ಎರಡು ಗಂಟೆ ನಿಲ್ಲಿಸಿ, ತೇವ ಹೋಗಲಿ. ಅಲ್ಲಿಂದ 600ರವರೆಗೆ ಗಂಟೆಗೆ 100. 573 ಡಿಗ್ರಿಯಲ್ಲಿ ಕ್ವಾರ್ಟ್ಜ್ ಒಮ್ಮೆಲೇ ಹಿಗ್ಗುವುದರಿಂದ ಆ ಸುತ್ತಮುತ್ತ ಅವಸರ ಬೇಡ. ಆಮೇಲೆ 820ಕ್ಕೆ ಒಯ್ದು ಮುಕ್ಕಾಲು ಗಂಟೆ ಹಿಡಿದು ಆರಿಸಿ. 950 ದಾಟಿದರೆ ಉಜ್ಜಿದ ಮೆರುಗು ಹೋಯಿತು ಅಂತಲೇ ಲೆಕ್ಕ.

ನಿಜವಾದ ಪರೀಕ್ಷೆ ಆಮೇಲೆ. ಗಾಳಿ ಒಳಗೆ ಬರುವುದು ಬಿಸಿ ಏರುವಾಗ ಅಲ್ಲ, ಆರುವಾಗ. ಏರುವಾಗ ಹೊಟ್ಟಿನ ಅನಿಲ ಹೊರಗೆ ನುಗ್ಗುತ್ತಿರುತ್ತದೆ. ಆರುವಾಗ ಒಳಗಿನ ಅನಿಲ ಕುಗ್ಗಿ ಸಣ್ಣ ಸಂದಿಯಿಂದಲೂ ಹೊರಗಾಳಿ ಎಳೆದುಕೊಳ್ಳುತ್ತದೆ. ಅಂಚಿನಲ್ಲಿ ಕಂದು ಪಟ್ಟೆ ಬಂದರೆ ಕಾರಣ ಅದೇ. ಮುಚ್ಚಳದ ಸಂದಿಯ ಒಳಗಡೆ ಇದ್ದಿಲ ತುಂಡು ಸಾಲಾಗಿ ಇಟ್ಟರೆ ಬರುವ ಆಕ್ಸಿಜನ್ ಮೊದಲು ಅದನ್ನು ತಿನ್ನುತ್ತದೆ. 150 ಡಿಗ್ರಿಗೆ ಇಳಿಯುವವರೆಗೆ ಮುಚ್ಚಳ ತೆಗೆಯಬೇಡಿ. ಮತ್ತೆ, ಇದೆಲ್ಲ ಮನೆಯೊಳಗೆ ಮಾಡುವ ಕೆಲಸ ಅಲ್ಲ. ಕಾರ್ಬನ್ ಮೊನಾಕ್ಸೈಡ್ ವಾಸನೆ ಬರುವುದಿಲ್ಲ, ಆಳನ್ನು ಕೊಲ್ಲುತ್ತದೆ.

ಊರಾಚೆ_ಕುಂಬಾರ

ಹಾಗಾದರೆ ನಮ್ಮ ಬ್ರಹ್ಮಗಿರಿ, ಮಸ್ಕಿ ಕಡೆ ಸಿಗುವ ಕಪ್ಪು-ಕೆಂಪು ಮಡಕೆಯೂ ಇದೇ ತಂತ್ರವೇ?

ತಿಗರಿ

ಅರ್ಧ ಮಾತ್ರ. ಅಲ್ಲಿ ಪಾತ್ರೆಯನ್ನು ಬೋರಲು ಹಾಕಿ, ಬಾಯಿ ಬೂದಿ-ಹೊಟ್ಟಿನಲ್ಲಿ ಹೂತಂತೆ ಸುಡುತ್ತಿದ್ದರು ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಒಳಗೆ ಮತ್ತು ಅಂಚಿಗೆ ಗಾಳಿ ಸಿಗಲಿಲ್ಲ, ಕಪ್ಪು. ಹೊರಮೈಗೆ ಸಿಕ್ಕಿತು, ಕೆಂಪು. ಎರಡು ಬಣ್ಣ ಬೇಕು ಅಂತಲೇ ಮಾಡಿದ್ದು. ಬುಕ್ಕೆರೊದಲ್ಲಿ ಕೆಂಪು ಕಂಡರೆ ಅದು ತಪ್ಪು. ಎರಡಕ್ಕೂ ಕೊಡುಕೊಳ್ಳುವಿಕೆ ಏನೂ ಇಲ್ಲ, ಕಬ್ಬಿಣದ ಗುಣ ಎಲ್ಲಿದ್ದರೂ ಒಂದೇ.

ನಿಜವಾದ ನಂಟು ಬೇರೆ ಕಡೆ ಇದೆ. ಇಟಲಿಯ ಅರೆತ್ಸೊ ಮೊದಲು ಎಟ್ರುಸ್ಕನ್ ಪಟ್ಟಣ. ರೋಮನ್ ಕಾಲದಲ್ಲಿ ಅಲ್ಲಿನ ಕುಂಬಾರರು ಮೊದಲು ಕಪ್ಪು ಮೆರುಗಿನ ಮಾಲು ಮಾಡುತ್ತಿದ್ದವರು, ಕ್ರಿ.ಪೂ. 1ನೇ ಶತಮಾನದ ನಡುವೆ ಗಾಳಿ ಬಿಟ್ಟು ಸುಟ್ಟು ಕೆಂಪು ಮೆರುಗಿಗೆ ಹೊರಳಿದರು. ಆ ಕೆಂಪು ತಟ್ಟೆಗಳ ಚೂರು ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ 1945ರಲ್ಲಿ ಪುರಾತತ್ವಜ್ಞ ವೀಲರ್‌ಗೆ ಸಿಕ್ಕವು. ಅವುಗಳ ಕಾಲ ಗೊತ್ತಿದ್ದರಿಂದ ಜೊತೆಗೆ ಸಿಕ್ಕ ಸ್ಥಳೀಯ ಮಡಕೆಯ ಕಾಲವೂ ಗೊತ್ತಾಯಿತು. ಅದೇ ಎಳೆ ಹಿಡಿದು 1947ರಲ್ಲಿ ಅವರು ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆದರು. ಚಿತ್ರದುರ್ಗದ ಮಡಕೆಗೆ ತಾರೀಕು ಕಟ್ಟಿದ್ದರಲ್ಲಿ ಅರೆತ್ಸೊ ಕುಂಬಾರನ ಪಾಲೂ ಇದೆ.

ಶಾಸನಪ್ರಿಯ

ಪಾತ್ರೆಯ ಮೇಲಿನ ಬರಹದ ಬಗ್ಗೆ ಯಾರೂ ಹೇಳಲಿಲ್ಲ. ಬುಕ್ಕೆರೊ ಮೇಲೆ ಗೀರಿದ ವಾಕ್ಯಗಳಲ್ಲಿ ಪದೇ ಪದೇ ಬರುವುದು 'ಮಿನಿ ಮುಲುವನಿಚೆ'. ಜೊತೆಗೊಂದು ಹೆಸರು. ಮಿನಿ ಅಂದರೆ 'ನನ್ನನ್ನು', ಮುಲುವನಿಚೆ ಅಂದರೆ 'ಕಾಣಿಕೆಯಾಗಿ ಕೊಟ್ಟ'. ಇಂಥವನು ನನ್ನನ್ನು ಕೊಟ್ಟ ಅಂತ ಬಟ್ಟಲೇ ಮಾತಾಡುತ್ತದೆ. ಬರೀ 'ಮಿ' ಬಂದರೆ 'ನಾನು', ಅಂದರೆ 'ನಾನು ಇಂಥವರದು'.

ಪಾತ್ರೆಗಳ ಹೆಸರು ನೋಡಿ: ಕುಲಿಖ್ನ, ಕುತುನ್, ಪ್ರುಖುಮ್, ಅಸ್ಕ. ಎಲ್ಲಾ ಗ್ರೀಕಿನಿಂದ ಬಂದವು (ಕುಲಿಖ್ನೆ, ಕೋಥೊನ್, ಪ್ರೊಖೂಸ್, ಅಸ್ಕೊಸ್). ವೈನ್‌ಗೆ 'ವಿನುಮ್'. ನಾವು ಲೋಟ, ಜಗ್ಗು, ಗ್ಲಾಸು ಅಂದಂತೆ. ಸಾಮಾನಿನ ಜೊತೆ ಹೆಸರೂ ಬರುತ್ತದೆ. ಆದರೆ ಕ್ಯಾಂಥರೊಸ್‌ಗೆ ಅವರದೇ ಹೆಸರು, 'ಜವೆನ'. ಆ ಆಕಾರ ಯಾರದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬರಹಕ್ಕೇ ಮಾಡಿದ ಪುಟ್ಟ ಪಾತ್ರೆಯೂ ಇದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಬುಕ್ಕೆರೊ ಹುಂಜ, ಎತ್ತರ 10 ಸೆಂ.ಮೀ. ಚಿಲ್ಲರೆ. ತಲೆಯೇ ಬಿರಡೆ. ಹೊಟ್ಟೆಯ ಸುತ್ತ 26 ಅಕ್ಷರಗಳ ವರ್ಣಮಾಲೆ. ವೈನ್‌ಗಲ್ಲ, ಬಹುಶಃ ಮಸಿಗೆ.

ಸೋಸುಗ

ಶಾಸನಪ್ರಿಯರ ಮಾತಿಗೆ ಒತ್ತು. ಎಟ್ರುಸ್ಕನ್ನರು ಎಲ್ಲಾ ಗ್ರೀಕರಿಂದ ನಕಲು ಮಾಡಿದರು ಅನ್ನುವವರಿಗೆ ನಿಕೊಸ್ಥೆನೀಸ್‌ನ ಕಥೆ ಹೇಳಿ. ಕ್ರಿ.ಪೂ. 6ನೇ ಶತಮಾನದ ಕೊನೆಯರ್ಧದ ಅಥೆನ್ಸಿನ ಕುಂಬಾರ, ಪಕ್ಕಾ ವ್ಯಾಪಾರಿ. ಚೆರ್ವೆತೆರಿಯ ಬುಕ್ಕೆರೊ ಆಂಫೊರಾದ ಆಕಾರ (ಅಗಲ ಪಟ್ಟಿ ಹಿಡಿ, ಮೈ ಸುತ್ತ ಏಣು) ತೆಗೆದುಕೊಂಡು, ಅದರ ಮೇಲೆ ಅಥೆನ್ಸಿನ ಚಿತ್ರ ಬರೆಸಿ, ಮತ್ತೆ ಚೆರ್ವೆತೆರಿಗೇ ಮಾರಿದ. ಅವನ ಕಾರ್ಯಾಗಾರದ ಕ್ಯಾಥೊಸ್‌ಗಳು ಇನ್ನೊಂದು ಎಟ್ರುಸ್ಕನ್ ಊರಾದ ವುಲ್ಚಿಗೆ ಹೋದವು. ಊರಿಗೆ ತಕ್ಕ ಮಾಲು. ಎರಡು ಹಿಡಿಯ ಕ್ಯಾಂಥರೊಸ್ ಕೂಡ ಹೀಗೇ ಗ್ರೀಸಿಗೆ ಹೋಗಿ ವೈನ್ ದೇವರು ಡಯೊನೈಸಸ್ ಕೈಯಲ್ಲಿ ಕೂತಿತು. ಅವನ ಎಟ್ರುಸ್ಕನ್ ಹೆಸರು ಫುಫ್ಲುನ್ಸ್.

ಮಣ್ಣಿಗಿಂತ ಮುಂಚೆ ಲೋಹ ಇತ್ತು ಅನ್ನುವುದೂ ಸೇರಲಿ. ಕ್ಯಾಂಥರೊಸ್ ಏಣಿನ ಮೇಲಿನ ಕಚ್ಚು ಸಾಲು, ಹೂಜಿಯ ಹಿಡಿ ಬಾಯಿಗೆ ಸೇರುವ ಕಡೆ ಇರುವ ಎರಡು ಪುಟ್ಟ ಚಕ್ರ, ಇವು ಮಣ್ಣಿನ ಕೆಲಸಕ್ಕೆ ಬೇಕಾಗಿಯೇ ಇಲ್ಲ. ಲೋಹದ ಪಾತ್ರೆಯ ನೆನಪು ಅದು. ಕೆಲವು ಬುಕ್ಕೆರೊಗೆ ಬೆಳ್ಳಿ ತಗಡು ಅಂಟಿಸಿದ ಗುರುತೂ ಸಿಕ್ಕಿದೆ.

ಹಳೇಬಟ್ಟಲು

ಈ ಕ್ಯಾಂಥರೊಸ್ ಎಷ್ಟು ದೂರ ಹೋಯಿತು ಅಂದರೆ, ದಕ್ಷಿಣ ಫ್ರಾನ್ಸಿನ ಆಂತೀಬ್ ಭೂಶಿರದ ಹತ್ತಿರ ಮುಳುಗಿದ ಹಡಗಿನಲ್ಲಿ (ಕ್ರಿ.ಪೂ. 6ನೇ ಶತಮಾನದ ಮಧ್ಯ) ವೈನ್ ಆಂಫೊರಾಗಳ ಜೊತೆಗೇ ಬುಕ್ಕೆರೊ ಬಟ್ಟಲುಗಳ ಸರಕು. ವೈನ್ ಮಾರುವವನು ಕುಡಿಯುವ ಬಟ್ಟಲನ್ನೂ ಜೊತೆಗೇ ಮಾರಿದ. ಟಾಮ್ ರಾಸ್ಮುಸೆನ್ 1979ರಲ್ಲಿ ಮಾಡಿದ ವರ್ಗೀಕರಣದಲ್ಲಿ '3ಇ' ಅಂತ ನೋಡಿದರೆ ಅದೇ ಬಟ್ಟಲು, ಎಲ್ಲ ಕಡೆ ಸಿಗುವ ಮಾದರಿ.

ಆಂಫೊರಾದೊಳಗೆ ನಿಜವಾಗಿ ವೈನ್ ಇತ್ತೇ ಅನ್ನುವುದಕ್ಕೂ ಉತ್ತರ ಇದೆ. ಮಾಂಪೆಲಿಯೆ ಹತ್ತಿರದ ಲಾತ್‌ನಲ್ಲಿ ಸಿಕ್ಕ ಎಟ್ರುಸ್ಕನ್ ಆಂಫೊರಾಗಳ ಒಳಮೈಯಲ್ಲಿ ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ, ಪೈನ್ ಮರದ ರಾಳ, ಗಿಡಮೂಲಿಕೆಯ ಅಂಶ ಪತ್ತೆಯಾದದ್ದು 2013ರಲ್ಲಿ ಪ್ರಕಟವಾಯಿತು.

ಊರಾಚೆ_ಕುಂಬಾರ

ಆನ್‌ಲೈನ್ ಹರಾಜಿನಲ್ಲಿ 'ಅಸಲಿ ಬುಕ್ಕೆರೊ' ಅಂತ ಬರುತ್ತವಲ್ಲ, ಗುರುತಿಸುವುದು ಹೇಗೆ?

ಆವಿಗೆ_ಬಾಯಿ

ಮೊದಲು ಕಾಗದಪತ್ರ, ಆಮೇಲೆ ಪಾತ್ರೆ. ಇಟಲಿಯಲ್ಲಿ 1909ರ ಕಾನೂನಿನಿಂದೀಚೆಗೆ ನೆಲದಲ್ಲಿ ಸಿಕ್ಕ ಪುರಾತನ ವಸ್ತು ಸರ್ಕಾರದ್ದು. ಎಲ್ಲಿಂದ ಬಂತು ಅನ್ನುವ ದಾಖಲೆ ಇಲ್ಲದ್ದು ನಕಲಿ, ಇಲ್ಲವೇ ಗೋರಿ ಕದ್ದ ಮಾಲು. ದೊಡ್ಡ ಮ್ಯೂಸಿಯಂಗಳೇ ಇದರಲ್ಲಿ ಎಡವಿವೆ. ಚೆರ್ವೆತೆರಿಯಲ್ಲಿ ಕದ್ದು ಅಗೆದ ಯೂಫ್ರೊನಿಯೊಸ್ ಕ್ರೇಟರನ್ನು (ಅಥೆನ್ಸಿನ ಕೆಲಸ, ಸುಮಾರು 45 ಲೀಟರ್ ಹಿಡಿಯುವಂಥದ್ದು) ಮೆಟ್ರೊಪಾಲಿಟನ್ 1972ರಲ್ಲಿ ಕೊಂಡು 2008ರಲ್ಲಿ ಇಟಲಿಗೆ ವಾಪಸ್ ಕೊಟ್ಟಿತು.

ಪಾತ್ರೆಯಲ್ಲಿ ನೋಡಬೇಕಾದ್ದು: ಸವೆದ ಅಥವಾ ಚಕ್ಕೆ ಎದ್ದ ಜಾಗದಲ್ಲಿ ಕೆಂಪು ಕಂಡರೆ ಅದು ಬಣ್ಣ ಬಳಿದ ಟೆರಾಕೋಟ. ಗೀಟನ್ನು ಭೂತಗನ್ನಡಿಯಲ್ಲಿ ನೋಡಿ. ಹಸಿಯಲ್ಲಿ ಎಳೆದದ್ದಕ್ಕೆ ಅಂಚು ನಯ, ಮಣ್ಣು ಪಕ್ಕಕ್ಕೆ ಸರಿದಿರುತ್ತದೆ. ಸುಟ್ಟ ಮೇಲೆ ಕೊರೆದದ್ದಕ್ಕೆ ಅಂಚು ಚೂರುಚೂರು. ಹಳೇ ಪಾತ್ರೆಯ ಮೇಲೆ ಹೊಸದಾಗಿ 'ಶಾಸನ' ಕೊರೆದು ಬೆಲೆ ಏರಿಸುವವರು ಸಿಕ್ಕಿಬೀಳುವುದು ಇಲ್ಲೇ. ಅಲ್ಟ್ರಾವಯೊಲೆಟ್ ದೀಪದಲ್ಲಿ ಹೊಸ ಪ್ಲಾಸ್ಟರ್, ಹೊಸ ಬಣ್ಣ ಬೇರೆಯಾಗಿ ಹೊಳೆಯುತ್ತವೆ. ಕೊನೆಯ ಅಸ್ತ್ರ ಥರ್ಮೊಲ್ಯುಮಿನೆಸೆನ್ಸ್, ಕೊನೇ ಸಲ ಸುಟ್ಟದ್ದು ಯಾವಾಗ ಅಂತ ಅದು ಹೇಳುತ್ತದೆ. ಆದರೆ ತಳದಿಂದ ಚಿಟಿಕೆ ಪುಡಿ ಕೊರೆಯಬೇಕು.

ಶಾಸನಪ್ರಿಯ

ಪ್ಲಾಸ್ಟರ್ ಅಂದಾಗ ನೆನಪಾಯಿತು. ಕಿಯೂಸಿ ಹತ್ತಿರ 1844–45ರಲ್ಲಿ ಎಟ್ರುಸ್ಕನ್ ಗೋರಿಯಿಂದ ಸಿಕ್ಕ ಫ್ರಾಂಸ್ವಾ ಕ್ರೇಟರ್ ಕೂಡ ಅಥೆನ್ಸಿನದೇ, ಎತ್ತರ 66 ಸೆಂ.ಮೀ., ಎರ್ಗೊಟಿಮೊಸ್ ಮಾಡಿ ಕ್ಲೈಟಿಯಸ್ ಚಿತ್ರ ಬರೆದದ್ದು. 1900ರಲ್ಲಿ ಫ್ಲಾರೆನ್ಸ್ ಮ್ಯೂಸಿಯಂನ ಕಾವಲುಗಾರನೊಬ್ಬ ಸಿಟ್ಟಿಗೆ ಸ್ಟೂಲು ಎಸೆದು ಅದನ್ನು 638 ಚೂರು ಮಾಡಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಜೋಡಿಸಿ ಮತ್ತೆ ಇಟ್ಟಿದ್ದಾರೆ.

ಊರಾಚೆ_ಕುಂಬಾರ

ಕೊನೇ ಪ್ರಶ್ನೆ. ಹೊಸದಾಗಿ ಮಾಡಿದ ಬುಕ್ಕೆರೊದಲ್ಲಿ ವೈನ್ ಕುಡಿಯಬಹುದೇ? ಸೋರುವುದಿಲ್ಲವೇ?

ತಿಗರಿ

820 ಡಿಗ್ರಿಯಲ್ಲಿ ಸುಟ್ಟದ್ದು ಸೋರದಿದ್ದರೂ ಹೀರುತ್ತದೆ. ಉಜ್ಜಿದ ಮೈ ಅದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಊಟದ ಹೊತ್ತಿನ ಒಂದೆರಡು ಗಂಟೆಗೆ ತೊಂದರೆ ಇಲ್ಲ, ರಾತ್ರಿಯಿಡೀ ತುಂಬಿಟ್ಟರೆ ಕೆಳಗಿನ ಬಟ್ಟೆಗೆ ಕೆಂಪು ಉಂಗುರ ಬೀಳುತ್ತದೆ. ಕುಡಿಯುವ ಮೊದಲು ಹತ್ತು ನಿಮಿಷ ನೀರಲ್ಲಿ ನೆನೆಸಿದರೆ ರಂಧ್ರಗಳು ನೀರು ಹಿಡಿದು ವೈನ್ ಕಡಿಮೆ ಹೀರುತ್ತವೆ. ಸೋಪು ಹಾಕಬೇಡಿ, ಅದನ್ನೂ ಹೀರಿಕೊಂಡು ಮುಂದಿನ ಸಲ ವೈನ್‌ಗೆ ಬಿಡುತ್ತದೆ. ಬಿಸಿನೀರು, ನಾರು, ಆಮೇಲೆ ಎರಡು ದಿನ ಬೋರಲು ಹಾಕಿ ಒಣಗಿಸಿ. ಹೊಳಪಿಗೆ ಅಂತ ಬೂಟ್ ಪಾಲಿಶ್ ಬಳಿದು ಮಾರುವ ಪ್ರತಿಕೃತಿಗಳಿವೆ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಕಪ್ಪು ಬಂದರೆ ಅದರಲ್ಲಿ ಹೂ ಇಡಿ, ಕುಡಿಯಬೇಡಿ.